ಬಾಣದ ಆಚೆಯ ತುದಿಯಲ್ಲಿ ಯಾರಿದ್ದಾರೆ?

ಉತ್ತರ ಅಮೆರಿಕದ ಬಯಲುಗಳಲ್ಲಿ ಕಯೋಟಿ ಎಂಬ ಪ್ರಾಣಿಯಿದೆ. ನೋಟಕ್ಕೆ ಅದು ನಮ್ಮ ನರಿಗೂ ತೋಳಕ್ಕೂ ನಡುವಣದು. ಅಲ್ಲಿನ ಅನೇಕ ರಾಜ್ಯಗಳಲ್ಲಿ ಅದನ್ನು ವರ್ಷವಿಡೀ ಬೇಟೆಯಾಡಬಹುದು. ಬಂದೂಕನ್ನು ಬಿಟ್ಟು ಬಿಲ್ಲುಬಾಣ ಹಿಡಿಯುವ ಹವ್ಯಾಸಿಗಳು ತಮ್ಮ ದಾರಿಯೇ ಹೆಚ್ಚು ನ್ಯಾಯವಾದುದೆಂದು ವಾದಿಸುತ್ತಾರೆ. ಬಿಲ್ಲುಗಾರನು ಗಾಳಿಯ ದಿಕ್ಕನ್ನು ಅರಿತು ಪ್ರಾಣಿಯ ಸಮೀಪಕ್ಕೆ ಸಾಗಬೇಕು, ತಾಳ್ಮೆಯಿಂದ ಕಾಯಬೇಕು. ಪ್ರಾಣಿಗೂ ತಪ್ಪಿಸಿಕೊಳ್ಳಲು ಅವಕಾಶವುಂಟು ಎಂಬುದು ಅವರ ವಾದದ ತಿರುಳು.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಈ ವಾದ ಹೊಸದಲ್ಲ. ಪಂಪಭಾರತದಲ್ಲಿ, ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ಬರುವ ಬೇಟೆಯ ಭಾಗಗಳನ್ನು ನಾವು ವರ್ಣನಾ ವೈಭವಕ್ಕಾಗಿ, ವೀರದ ಉತ್ಸಾಹಕ್ಕಾಗಿ ಓದುತ್ತೇವೆ. ಬೇಟೆಯನ್ನು ವಿರೋಧಿಸುವ ಜೈನ ಕಥನಗಳನ್ನಾದರೋ ‘ಧರ್ಮೋಪದೇಶ’ವೆಂದು ಹೆಸರಿಟ್ಟು ಬದಿಗೆ ಸರಿಸುತ್ತೇವೆ. ಇದು ಸರಿಯಾದ ಓದಲ್ಲವೆಂಬುದು ನನ್ನ ಅಭಿಪ್ರಾಯ. ಆ ಕಥನಗಳು ಬೇಟೆಗಾರನ ಕೌಶಲವನ್ನು ಅಲ್ಲಗಳೆಯುವುದಿಲ್ಲ. ಅವು ಕೇಳುವ ಪ್ರಶ್ನೆ ಬೇರೆ: ಬಾಣದ ಆಚೆಯ ತುದಿಯಲ್ಲಿ ಇರುವವರು ಯಾರು?

1209ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆಯನ್ನೇ ನೋಡಬಹುದು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯ ಫಲವಾಗಿ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಹಲವು ಜನ್ಮಗಳಲ್ಲಿ ತೊಳಲಿ ಕೊನೆಗೆ ಕೋಳಿಗಳಾಗಿ ಹುಟ್ಟುತ್ತಾರೆ. ಮುನಿಯ ಮಾತಿನಿಂದ ಹಿಂದಿನ ಭವಗಳ ಅರಿವಾಗಿ ಅವು ಹರ್ಷದಿಂದ ಕೂಗುತ್ತವೆ. ಆ ದನಿಯನ್ನು ಕೇಳಿದ ಯಶೋಮತಿ ರಾಜನು ರಾಣಿಯೆದುರು ತನ್ನ ಶಬ್ದವೇಧಿ ವಿದ್ಯೆಯನ್ನು ಮೆರೆಯಲು ಬಾಣ ಬಿಡುತ್ತಾನೆ. ಗುರಿ ತಪ್ಪುವುದಿಲ್ಲ. ಸತ್ತವರು ಅವನ ತಂದೆ ಮತ್ತು ಅಜ್ಜಿ. ಬಿಲ್ವಿದ್ಯೆಯ ಪರಾಕಾಷ್ಠೆಯಾದ ಶಬ್ದವೇಧಿ ಎಂದರೆ ಕಾಣದೆ ಕೊಲ್ಲುವ ವಿದ್ಯೆಯೇ ಸರಿ. ಕೌಶಲ ಹೆಚ್ಚಿದಷ್ಟೂ ಎದುರಿನ ಜೀವ ಮರೆಯಾಗುತ್ತದೆಂಬುದನ್ನು ಇದಕ್ಕಿಂತ ಕಠೋರವಾಗಿ ಹೇಳುವುದು ಕಷ್ಟ.

ವಡ್ಡಾರಾಧನೆಯ ಮೊದಲನೆಯ ಕಥೆಯಲ್ಲಿ ಕೊಲ್ಲುವ ಪ್ರಾಣಿಯೇ ನರಿ. ಧ್ಯಾನಸ್ಥನಾದ ಸುಕುಮಾರಸ್ವಾಮಿಯನ್ನು ಅದು ಮರಿಗಳೊಡನೆ ಬಂದು ತಿನ್ನುತ್ತದೆ. ಆದರೆ ಕಥೆಗಾರನಿಗೆ ಅದು ‘ದುಷ್ಟಮೃಗ’ ಮಾತ್ರವಲ್ಲ; ಪೂರ್ವಜನ್ಮದಲ್ಲಿ ಅವನಿಂದ ಒದೆಸಿಕೊಂಡ ಅತ್ತಿಗೆ. ನರಿಗೂ ಒಂದು ನೋವಿನ ಚರಿತ್ರೆಯಿದೆ. ಪುನರ್ಜನ್ಮವನ್ನು ನಂಬದ ಓದುಗನೂ ಇಲ್ಲಿರುವ ವಿವೇಕವನ್ನು ಗ್ರಹಿಸಬಲ್ಲ: ಪ್ರಾಣಿಯೂ ಒಂದು ಬಾಳಿನ ನಡುವೆ ನಿಂತಿರುವ ಜೀವ, ನಮ್ಮ ಗುರಿಗೆಂದು ಇಟ್ಟ ವಸ್ತುವಲ್ಲ.

ಇಷ್ಟಾಗಿಯೂ ಒಂದು ಆಕ್ಷೇಪ ಉಳಿಯುತ್ತದೆ. ಬೇಟೆಯನ್ನು ಖಂಡಿಸುವ ಕಾವ್ಯವು ಬೇಟೆಯಿಂದಲೇ ಬದುಕಿದ ಬೇಡರನ್ನು ಕೀಳಾಗಿಸುವುದಿಲ್ಲವೇ? ಪ್ರಶ್ನೆ ನ್ಯಾಯವಾದುದು. ಉತ್ತರಕ್ಕೆ ಗುಣಭದ್ರಾಚಾರ್ಯರ ಉತ್ತರಪುರಾಣದ ಪುರೂರವನನ್ನು ನೆನೆಯಬೇಕು. ಬೇಡರ ಒಡೆಯನಾದ ಅವನು ದೂರದಲ್ಲಿದ್ದ ಮುನಿಯನ್ನು ಜಿಂಕೆಯೆಂದು ಭ್ರಮಿಸಿ ಬಾಣ ಹೂಡುತ್ತಾನೆ. ಹೆಂಡತಿ ತಡೆದಾಗ ಬಿಲ್ಲನ್ನು ಇಳಿಸುತ್ತಾನೆ. ಮುಂದೆ ಅನೇಕ ಜನ್ಮಗಳ ಬಳಿಕ ಆ ಜೀವವೇ ವರ್ಧಮಾನ ಮಹಾವೀರ. ಅರಸನಾದ ಯಶೋಮತಿ ಕಾಣದೆ ಬಿಟ್ಟನು, ಬೇಡನಾದ ಪುರೂರವ ಕಂಡು ನಿಲ್ಲಿಸಿದನು. ಹಸಿವಿಗಾಗಿ ಬಿಲ್ಲು ಹಿಡಿದವನನ್ನೂ ವಿನೋದಕ್ಕಾಗಿ ಹಿಡಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬ ಎಚ್ಚರವನ್ನು ಇವೆರಡು ಪ್ರಸಂಗಗಳನ್ನು ಒಟ್ಟಿಗಿಟ್ಟು ಓದಿದರೆ ಪಡೆಯಬಹುದು.

ನಮ್ಮ ಕಾನೂನಿಗೂ ಈ ಎಚ್ಚರ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ‘ಆಯುಧ’ ಎಂಬ ಪದದಡಿ ಬಿಲ್ಲುಬಾಣಗಳನ್ನು ಬಂದೂಕು, ವಿಷ, ಉರುಲುಗಳ ಸಾಲಿನಲ್ಲಿಯೇ ಇರಿಸಿದೆ. ಕೊಲ್ಲುವ ವಿಧಾನದ ಸೊಗಸಿಗೆ ಅಲ್ಲಿ ರಿಯಾಯಿತಿಯಿಲ್ಲ, ಅದು ಸರಿಯೇ. ತೋಳಗಳಿಗಾಗಿಯೇ 1974ರಲ್ಲಿ ಮೇಲುಕೋಟೆಯ ಕಾಡು ಅಭಯಾರಣ್ಯವಾಯಿತು; ಅದೂ ಸ್ವಾಗತಾರ್ಹ. ಆದರೆ ಬೇಟೆಯೇ ಕುಲವೃತ್ತಿಯಾಗಿದ್ದ ಹಕ್ಕಿಪಿಕ್ಕಿಯಂಥ ಸಮುದಾಯಗಳಿಗೆ ‘ಬಿಡು’ ಎಂದ ಸಮಾಜವು ಬದಲಿ ಬದುಕನ್ನು ಕಟ್ಟಿಕೊಡುವ ಹೊಣೆಯನ್ನೂ ಹೊರಬೇಕು.

ಹೇರೋಹಳ್ಳಿಯ ಆಸುಪಾಸಿನಿಂದ ಬರುವ ನನ್ನ ವಿದ್ಯಾರ್ಥಿಗಳಲ್ಲಿ ನರಿಯ ಊಳನ್ನು ಕೇಳಿದವರು ಸಿಗುವುದು ಅಪರೂಪ. ಮಾಗಡಿ ರಸ್ತೆಯ ಇಕ್ಕೆಲದ ಹೊಲಗಳು ಬಡಾವಣೆಗಳಾಗಿವೆ. ನರಿಯನ್ನು ಇಲ್ಲಿಂದ ಅಟ್ಟಲು ಯಾರೂ ಬಿಲ್ಲು ಹಿಡಿಯಬೇಕಾಗಲಿಲ್ಲ, ನಿವೇಶನಗಳೇ ಸಾಕಾದವು. ಇದೂ ಒಂದು ಬಗೆಯ ಶಬ್ದವೇಧಿ. ಆದರೆ ಯಶೋಮತಿಗೆ ದನಿಯಾದರೂ ಕೇಳಿತ್ತು, ನಮಗೆ ಅದೂ ಕೇಳಿಸಲಿಲ್ಲ. ಆದ್ದರಿಂದ ಬೇಟೆಯ ವರ್ಣನೆಯನ್ನು ಪಾಠ ಮಾಡುವಾಗ ಛಂದಸ್ಸು, ಅಲಂಕಾರ, ರಸಗಳ ಜೊತೆಗೆ ಆಚೆಯ ತುದಿಯಲ್ಲಿ ಇದ್ದವರು ಯಾರೆಂಬ ಪ್ರಶ್ನೆಯನ್ನೂ ತರಗತಿಗೆ ತರಬೇಕು. ಸಂಶೋಧಕರು ಕನ್ನಡದ ಬೇಟೆಯ ಭಾಗಗಳನ್ನೆಲ್ಲ ಈ ದೃಷ್ಟಿಯಿಂದ ಒಮ್ಮೆ ಒಟ್ಟಾಗಿ ಓದಿದರೆ, ನಾವು ಬರಿಯ ಉಪದೇಶವೆಂದು ಬಿಟ್ಟುದರಲ್ಲಿ ಎಷ್ಟು ಕಾವ್ಯವಿದೆ ಎಂಬುದು ತಿಳಿದೀತು.