ಡಬ್ಬದ ಮೇಲಿನ ಲೀಟರ್ ನೋಡಿ ಕ್ಯಾನಿಸ್ಟರ್ ಫಿಲ್ಟರ್ ತಗೋಬೇಡಿ

(1/7)
ಮೀನಿನ ಟ್ಯಾಂಕ್ ಫೋಟೊ ಹಾಕಿದ ಪ್ರತಿ ಸಲ ಇನ್‌ಬಾಕ್ಸಿಗೆ ಬರೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಕ್ಯಾನಿಸ್ಟರ್ ಫಿಲ್ಟರ್ ತಗೋಬೇಕು. ಸಾವಿರ ಲೀಟರಿಂದು ತಗೊಳ್ಳಾ, ಎರಡು ಸಾವಿರದ್ದು ತಗೊಳ್ಳಾ?" ಇವತ್ತು ಎಲ್ಲರಿಗೂ ಸೇರಿಸಿ ಉತ್ತರ ಬರೀತಿದೀನಿ. ಉದ್ದ ಇದೆ, ಏಳು ಭಾಗ. ಸಾವಿರಾರು ರೂಪಾಯಿ ಕೊಡೋ ಮುಂಚೆ ಹತ್ತು ನಿಮಿಷ ಕೊಡ್ರಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಇರೋ ಲೀಟರ್ ಲೆಕ್ಕ ಕೊನೆಗೆ ನೋಡಬೇಕಾದದ್ದು. ಮೊದಲು ನೋಡಬೇಕಾದದ್ದು ಮೂರು: ನಿಮ್ಮ ಟ್ಯಾಂಕಿನ ಅಳತೆ, ನಿಮ್ಮ ಮನೆಯ ಕರೆಂಟು, ಆ ಡಬ್ಬ ಬಿಚ್ಚಿ ತೊಳೆಯೋಕೆ ನಿಮಗಿರೋ ತಾಳ್ಮೆ. ಈ ಮೂರು ಹೊಂದಲಿಲ್ಲ ಅಂದ್ರೆ ನಿಮಗೆ ಕ್ಯಾನಿಸ್ಟರೇ ಬೇಡ, ಅದು ಎಷ್ಟೇ ದೊಡ್ಡ ಕಂಪನಿದಾಗಿರಲಿ.

"ಬಿಕಾಂ ಓದೋರಿಗೆ ಮೀನಿನ ಉಸಾಬರಿ ಯಾಕೆ" ಅನ್ನೋರಿಗೆ: ಈ ವಿಷಯ ಅರ್ಧಕ್ಕರ್ಧ ಅಕೌಂಟ್ಸೇ. ಓದಿ ನೋಡಿ.

(2/7)
ಮೊದಲು ಫಿಲ್ಟರ್ ಏನು ಮಾಡುತ್ತೆ ಅನ್ನೋದು. ನೀರು ತಿಳಿಯಾಗಿ ಕಾಣೋ ಹಾಗೆ ಮಾಡುತ್ತೆ ಅಂತ ಎಲ್ಲರಿಗೂ ಗೊತ್ತು. ಮೀನಿಗೆ ಅದಕ್ಕಿಂತ ಮುಖ್ಯವಾದದ್ದು ಕಣ್ಣಿಗೆ ಕಾಣಲ್ಲ.

ಮೀನು ಅಮೋನಿಯಾ ಹೊರಗೆ ಹಾಕುತ್ತೆ, ಹೆಚ್ಚಿನ ಪಾಲು ಕಿವಿರಿನಿಂದಲೇ. ತಿನ್ನದೆ ಉಳಿದ ಕಾಳು ಕೊಳೆತ್ರೂ ಅಮೋನಿಯಾನೇ. ಅದು ವಿಷ. ಫಿಲ್ಟರ್ ಒಳಗಿನ ಸ್ಪಂಜು, ಸೆರಾಮಿಕ್ ರಿಂಗ್ ಮೇಲೆ ಬೆಳೆಯೋ ಬ್ಯಾಕ್ಟೀರಿಯಾ ಅಮೋನಿಯಾವನ್ನ ನೈಟ್ರೈಟ್ ಮಾಡುತ್ತೆ, ಅದನ್ನ ಮತ್ತೆ ನೈಟ್ರೇಟ್ ಮಾಡುತ್ತೆ. ನೈಟ್ರೈಟ್ ಕೂಡ ವಿಷ. ನೈಟ್ರೇಟ್ ಸ್ವಲ್ಪ ಇದ್ರೆ ಮೀನು ತಡ್ಕೊಳ್ಳುತ್ತೆ. ಹೊಸ ಫಿಲ್ಟರಲ್ಲಿ ಈ ಬ್ಯಾಕ್ಟೀರಿಯಾ ನೆಲೆ ನಿಲ್ಲೋಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಇವತ್ತು ಫಿಲ್ಟರ್, ನಾಳೆ ಹತ್ತು ಮೀನು ಅಂದ್ರೆ ಯಾವ ಬ್ರ್ಯಾಂಡೂ ಕಾಪಾಡಲ್ಲ.

ನಮ್ಮ ಕಡೆಗೆ ಒಂದು ಮಾತು. ಕೊಕ್ಕನೂರು, ಮಲೇಬೆನ್ನೂರು ಸುತ್ತ ಎಷ್ಟೋ ಮನೆಯಲ್ಲಿ ಟ್ಯಾಂಕಿಗೆ ಹಾಕೋದು ಬೋರ್ ನೀರು. ಗಡಸು ನೀರಲ್ಲಿ ಪಿಎಚ್ ಸಾಮಾನ್ಯವಾಗಿ ಜಾಸ್ತಿ ಇರುತ್ತೆ. ಪಿಎಚ್ ಜಾಸ್ತಿ ಆದಷ್ಟೂ, ನೀರು ಬಿಸಿ ಆದಷ್ಟೂ ಅಮೋನಿಯಾ ವಿಷ ಏರುತ್ತೆ. ಏಪ್ರಿಲ್ ತಿಂಗಳ ದಾವಣಗೆರೆ ಬಿಸಿಲು ನೆನೆಸ್ಕೊಳ್ಳಿ. ಹಾಗಾಗಿ ನಮಗೆ ಫಿಲ್ಟರ್ ಒಂದು ಅಲಂಕಾರ ಅಲ್ಲ, ಮೀನಿನ ಜೀವ.

(3/7)
ಈಗ ಕ್ಯಾನಿಸ್ಟರ್. ಟ್ಯಾಂಕಿನ ಹೊರಗೆ, ಕೆಳಗೆ ಇಡೋ ಮುಚ್ಚಿದ ಡಬ್ಬ. ಒಂದು ಪೈಪಲ್ಲಿ ನೀರು ಇಳಿಯುತ್ತೆ, ಒಳಗಿನ ಸ್ಪಂಜು, ರಿಂಗ್ ದಾಟುತ್ತೆ, ಪಂಪು ಇನ್ನೊಂದು ಪೈಪಲ್ಲಿ ವಾಪಸ್ ಮೇಲಕ್ಕೆ ಕಳಿಸುತ್ತೆ. ಒಳ್ಳೇದು ಏನು? ಟ್ಯಾಂಕಿನ ಒಳಗೆ ಜಾಗ ತಿನ್ನಲ್ಲ, ಸ್ಪಂಜು-ರಿಂಗ್ ತುಂಬಾ ಹಿಡಿಯುತ್ತೆ, ಸದ್ದು ಕಮ್ಮಿ.

ಅಂಗಡಿಯಲ್ಲಿ ಇದರ ಜೊತೆಗೆ ಒಂದು ಮಾತು ಫ್ರೀ ಬರುತ್ತೆ: "ಇದು ಹಾಕಿದ್ರೆ ವರ್ಷಗಟ್ಟಲೆ ನೀರು ಬದಲಾಯಿಸೋದೇ ಬೇಡ." ಈ ಮಾತು ನಂಬಬೇಡಿ.

ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ರೆ ವ್ಯತ್ಯಾಸಾನ ಸಸ್ಪೆನ್ಸ್ ಅಕೌಂಟಿಗೆ ಹಾಕ್ತೀವಲ್ಲ, ಹಾಗೇ ಇದು. ಪುಟ ನೀಟಾಗಿ ಕಾಣುತ್ತೆ, ತಪ್ಪು ಮಾತ್ರ ಎಲ್ಲೂ ಹೋಗಿರಲ್ಲ. ಕ್ಯಾನಿಸ್ಟರ್ ಹಿಡಿದ ಕಸ ಟ್ಯಾಂಕಲ್ಲಿ ಕಾಣಲ್ಲ. ಆದ್ರೆ ಅದೇ ನೀರು ದಿನವಿಡೀ ಆ ಕಸದ ಮೂಲಕಾನೇ ಹರೀತಿರುತ್ತೆ. ನೀವು ಡಬ್ಬ ಬಿಚ್ಚಿ ತೆಗೆಯೋ ತನಕ ಕಸ ಅಲ್ಲೇ ಕೊಳೆಯುತ್ತೆ, ನೈಟ್ರೇಟ್ ಏರ್ತಾನೇ ಇರುತ್ತೆ. ವಾರಕ್ಕೆ ಕಾಲು ಭಾಗ ನೀರು ಬದಲಾಯಿಸೋ ಕೆಲಸ ಯಾವ ಫಿಲ್ಟರೂ ತಪ್ಪಿಸಲ್ಲ.

ಸ್ಪಂಜ್ ಫಿಲ್ಟರ್ ಗಲೀಜಾದ್ರೆ ಕಣ್ಣಿಗೆ ಕಾಣುತ್ತೆ, ಹಿಂಡ್ತೀವಿ. ಕ್ಯಾನಿಸ್ಟರ್ ಮರೆಯಲ್ಲಿರೋದ್ರಿಂದ ಮರೆತೇ ಹೋಗುತ್ತೆ. ಅದರ ದೊಡ್ಡ ಗುಣಾನೂ ಅದೇ, ದೊಡ್ಡ ದೋಷಾನೂ ಅದೇ.

(4/7)
ಲೀಟರ್ ಲೆಕ್ಕಕ್ಕೆ ಬರೋಣ. ಟ್ಯಾಂಕಿನ ಉದ್ದ, ಅಗಲ, ಎತ್ತರ ಅಡಿಯಲ್ಲಿ ಅಳೆದು ಗುಣಿಸಿ, ಬಂದದ್ದನ್ನ 28.3ರಿಂದ ಗುಣಿಸಿ. ಲೀಟರ್ ಸಿಗುತ್ತೆ.

2 × 1 × 1 ಅಡಿ: ಸುಮಾರು 57 ಲೀಟರ್.
3 × 1.25 × 1.25 ಅಡಿ: ಸುಮಾರು 133 ಲೀಟರ್.
4 × 1.5 × 1.5 ಅಡಿ: ಸುಮಾರು 255 ಲೀಟರ್.

ಮಣ್ಣು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದ್ರೆ ನಿಜವಾದ ನೀರು ಇನ್ನೂ ಕಮ್ಮಿ.

ಗಂಟೆಗೆ ಟ್ಯಾಂಕಿನ ನಾಲ್ಕು ಪಟ್ಟು ನೀರು ಹರೀಬೇಕು ಅನ್ನೋ ಮಾತು ಎಲ್ಲಾ ಕಡೆ ಓಡಾಡುತ್ತೆ. ಆದ್ರೆ ಇದು ನೋಡಿ. ಜರ್ಮನಿಯ ಈಹೈಮ್ ಕಂಪನಿ 1960ರ ದಶಕದಿಂದ ಕ್ಯಾನಿಸ್ಟರ್ ಮಾಡ್ತಾ ಬಂದಿದೆ. ಅವರ ಕ್ಲಾಸಿಕ್ 250 ಅನ್ನೋ ಮಾಡೆಲ್ 250 ಲೀಟರ್ ತನಕದ ಟ್ಯಾಂಕಿಗೆ ಅಂತಾನೇ ಮಾಡಿದ್ದು. ಅದರ ಹರಿವು ಗಂಟೆಗೆ 440 ಲೀಟರ್, ಅಂದ್ರೆ ಎರಡು ಪಟ್ಟೂ ಇಲ್ಲ. ಪಂಪ್ ಬರೀ 8 ವ್ಯಾಟ್. ಚೀನಾದ ಸನ್‌ಸನ್ 302 ಮಾಡೆಲ್ ಗಂಟೆಗೆ 1000 ಲೀಟರ್, 18 ವ್ಯಾಟ್. ಒಂದು ಒಳ್ಳೇದು ಇನ್ನೊಂದು ಕೆಟ್ಟದ್ದು ಅಂತ ಹೇಳ್ತಿಲ್ಲ. ಬೆಲೆಯಲ್ಲೂ ತುಂಬಾ ಅಂತರ ಇದೆ. ಹೇಳ್ತಿರೋದು ಇಷ್ಟೇ: ಹರಿವು ಜಾಸ್ತಿ ಇದ್ದದ್ದೇ ಶುದ್ಧಿ ಜಾಸ್ತಿ ಅನ್ನೋ ಹಾಗಿದ್ರೆ ಆ 440 ಲೀಟರಿನ ಡಬ್ಬ ಯಾರೂ ಕೊಳ್ತಿರಲಿಲ್ಲ. ಕೆಲಸ ಮಾಡೋದು ಬ್ಯಾಕ್ಟೀರಿಯಾ. ಅದಕ್ಕೆ ಕೂರೋಕೆ ಜಾಗ ಬೇಕು, ಆಮ್ಲಜನಕ ಬೇಕು. ಹಾಗಾಗಿ ಅಂಗಡಿಯಲ್ಲಿ "ಒಳಗೆ ಸ್ಪಂಜು-ರಿಂಗಿಗೆ ಎಷ್ಟು ಲೀಟರ್ ಜಾಗ ಐತೆ?" ಅಂತ ಕೇಳಿ.

ಇನ್ನೊಂದು. ಡಬ್ಬದ ಮೇಲಿನ ಹರಿವು ಸಾಮಾನ್ಯವಾಗಿ ಒಳಗೆ ಏನೂ ತುಂಬದೆ ಅಳೆದದ್ದು. ಸ್ಪಂಜು ತುಂಬಿದ ಮೇಲೆ ಇಳಿಯುತ್ತೆ, ಕಸ ಕಟ್ಟಿದ ಮೇಲೆ ಇನ್ನೂ ಇಳಿಯುತ್ತೆ. ನೀವೇ ಆಡಿಟ್ ಮಾಡಬಹುದು. ವಾಪಸ್ ಬರೋ ಪೈಪನ್ನ 10 ಲೀಟರ್ ಬಕೆಟ್ಟಿಗೆ ಬಿಡಿ, ಬಕೆಟ್ಟಿನ ಬಾಯಿ ಟ್ಯಾಂಕಿನ ನೀರಿನ ಮಟ್ಟದಲ್ಲೇ ಇರಲಿ, ಕೆಳಗೆ ಹಿಡಿದ್ರೆ ಲೆಕ್ಕ ಸುಳ್ಳಾಗುತ್ತೆ. 60 ಸೆಕೆಂಡಲ್ಲಿ ತುಂಬಿದ್ರೆ ಗಂಟೆಗೆ 600 ಲೀಟರ್. ಹೊಸದರಲ್ಲಿ ಒಮ್ಮೆ ಅಳೆದು ಬರೆದಿಡಿ. ಮುಂದೆ ಹರಿವು ಅರ್ಧಕ್ಕೆ ಬಂದ ದಿನ ತೊಳೆಯೋ ದಿನ.

(5/7)
ಈಗ ನಮ್ಮ ಸಬ್ಜೆಕ್ಟ್. ಕೊಳ್ಳೋ ಬೆಲೆ ಒಂದೇ ಸಲ, ಓಡಿಸೋ ಖರ್ಚು ದಿನಾ. ಫಿಲ್ಟರ್ ವರ್ಷದ 365 ದಿನ, 24 ಗಂಟೆ ಓಡಬೇಕು.

8 ವ್ಯಾಟ್: ವರ್ಷಕ್ಕೆ ಸುಮಾರು 70 ಯುನಿಟ್.
18 ವ್ಯಾಟ್: ಸುಮಾರು 158 ಯುನಿಟ್.
35 ವ್ಯಾಟ್: ಸುಮಾರು 307 ಯುನಿಟ್.

ಯುನಿಟ್ಟಿಗೆ ₹6 ಅಂತ ಹಿಡಿದ್ರೆ 35 ವ್ಯಾಟಿನದಕ್ಕೆ ವರ್ಷಕ್ಕೆ ₹1,800ರ ಮೇಲೆ. ಮೂರು ವರ್ಷಕ್ಕೆ ₹5,500. ಅಗ್ಗದ ಡಬ್ಬ ಅಗ್ಗವಾಗಿ ಉಳಿಯೋದು ಅಂಗಡಿ ಬಾಗಿಲ ತನಕ.

"ನಮಗೆ ಗೃಹಜ್ಯೋತಿ ಐತಲ್ಲ" ಅಂತೀರಾ? 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ ಫ್ರೀ ಸಿಗೋದು ನಿಮ್ಮ ಹಳೇ ಸರಾಸರಿ ಮತ್ತು ಅದರ ಮೇಲೆ ಶೇ. 10. ಸರಾಸರಿ 70 ಯುನಿಟ್ ಇದ್ದ ಮನೆಗೆ ಸಿಗೋದು 77. 18 ವ್ಯಾಟ್ ಫಿಲ್ಟರ್ ಒಂದೇ ತಿಂಗಳಿಗೆ 13 ಯುನಿಟ್ ತಿನ್ನುತ್ತೆ, ಮಿಕ್ಕಿದ್ದಕ್ಕೆ ದುಡ್ಡು ಕಟ್ಟಬೇಕು. ಇನ್ನು 180 ಯುನಿಟ್ ಉರಿಸೋ ಮನೆಗೆ 35 ವ್ಯಾಟಿನದು ತಂದ್ರೆ 25 ಯುನಿಟ್ ಸೇರಿ 205. 200 ದಾಟಿದ್ರೆ ಪೂರ್ತಿ ಬಿಲ್ ಕಟ್ಟಬೇಕು, ಮೇಲಿನ ಐದಕ್ಕೆ ಮಾತ್ರ ಅಲ್ಲ. ಮಾರ್ಜಿನಲ್ ಕಾಸ್ಟ್ ಅಂದ್ರೇನು ಅಂತ ಎಕ್ಸಾಮಲ್ಲಿ ಬಂದ್ರೆ ಇದನ್ನೇ ಉದಾಹರಣೆ ಬರೀರಿ. ಬಿಲ್ ಕಟ್ಟೋರು ಅಪ್ಪನೋ ಅಮ್ಮನೋ ಆಗಿದ್ರೆ, ಡಬ್ಬ ತರೋ ಮುಂಚೆ ಅವರನ್ನೊಂದು ಮಾತು ಕೇಳಿ. ದಾವಣಗೆರೆಯಲ್ಲಿ ರೂಮ್ ಮಾಡ್ಕೊಂಡಿರೋರು ಓನರನ್ನೂ ಕೇಳಿ.

ಬಿಲ್ಲಿಗಿಂತ ದೊಡ್ಡದು ಕರೆಂಟ್ ಹೋಗೋದು. ಮಳೆಗಾಲದಲ್ಲಿ ಹಳ್ಳಿ ಕಡೆ ಜೋರು ಗಾಳಿ ಬಂದ್ರೆ ರಾತ್ರಿಯೆಲ್ಲಾ ಕರೆಂಟ್ ಇಲ್ಲ ಅನ್ನೋದು ಹೊಸದೇನಲ್ಲ. ಮುಚ್ಚಿದ ಡಬ್ಬದಲ್ಲಿ ನೀರು ನಿಂತ್ರೆ ಒಳಗಿನ ಆಮ್ಲಜನಕ ಕೆಲವೇ ಗಂಟೆಯಲ್ಲಿ ಮುಗಿಯುತ್ತೆ, ಒಳ್ಳೇ ಬ್ಯಾಕ್ಟೀರಿಯಾ ಸಾಯೋಕೆ ಶುರುವಾಗುತ್ತೆ. ಬೆಳಿಗ್ಗೆ ಕರೆಂಟ್ ಬಂದ ತಕ್ಷಣ ಆ ಕೊಳೆತ ನೀರು ಸೀದಾ ಮೀನಿನ ಮೇಲೆ. ಅದಕ್ಕೇ ರಾತ್ರಿ ಮಲಗೋ ಹೊತ್ತಿಗೆ ಕರೆಂಟ್ ಬಂದಿಲ್ಲ ಅಂದ್ರೆ ಸ್ವಿಚ್ ಆಫ್ ಮಾಡಿ ಮಲಗಿ. ಬೆಳಿಗ್ಗೆ ಡಬ್ಬದ ನೀರು ಚೆಲ್ಲಿ, ಟ್ಯಾಂಕಿನ ನೀರಲ್ಲೇ ಸ್ಪಂಜು ತೊಳೆದು ಆಮೇಲೆ ಆನ್ ಮಾಡಿ. ಮನೆಯಲ್ಲಿ ಯುಪಿಎಸ್ ಇದ್ರೆ ಕ್ಯಾನಿಸ್ಟರ್ ಅದಕ್ಕೆ ಹಾಕಿ, 18 ವ್ಯಾಟ್ ಅದಕ್ಕೆ ಭಾರ ಅಲ್ಲ. ಯುಪಿಎಸ್ ಇಲ್ವಾ? ಬ್ಯಾಟರಿಯಲ್ಲಿ ಓಡೋ ಒಂದು ಸಣ್ಣ ಏರ್ ಪಂಪ್ ಇಟ್ಕೊಳ್ಳಿ.

(6/7)
ಇಷ್ಟೆಲ್ಲಾ ಓದಿಯೂ ತಗೋಬೇಕು ಅನ್ಸಿದ್ರೆ, ಅಂಗಡಿಯಲ್ಲಿ ಇವು ನೋಡಿ.

• ಮುಚ್ಚಳದ ರಬ್ಬರ್ ರಿಂಗು, ಪಂಪಿನ ಒಳಗೆ ತಿರುಗೋ ಇಂಪೆಲ್ಲರ್ ಬೇರೆಯಾಗಿ ಸಿಗುತ್ತಾ? ರಬ್ಬರ್ ರಿಂಗ್ ಹೋದ್ರೆ ಟ್ಯಾಂಕಿನ ನೀರು ನಡುಮನೆಗೆ ಬರುತ್ತೆ. ಸ್ಪೇರ್ ಸಿಗದ ಬ್ರ್ಯಾಂಡ್ ಬೇಡ.
• ಪೈಪ್ ಕೂಡೋ ಕಡೆ ಬಂದ್ ಮಾಡೋ ವಾಲ್ವ್ ಇದೆಯಾ? ಇಲ್ಲದಿದ್ರೆ ಪ್ರತಿ ಸಲ ತೊಳೆಯುವಾಗ ನೆಲ ಒರೆಸೋ ಕೆಲಸ ಗ್ಯಾರಂಟಿ. ಡಬ್ಬ ಬಿಚ್ಚಿ ಮುಚ್ಚೋದನ್ನ ಅಂಗಡಿಯಲ್ಲೇ ನಿಮ್ಮ ಕೈಯಾರೆ ಮಾಡಿ ನೋಡಿ.
• ಯುವಿ ದೀಪಕ್ಕೆ ಮರುಳಾಗಬೇಡಿ. ಅದು ನೀರನ್ನ ಹಸಿರು ಮಾಡೋ ಪಾಚಿ ಕೊಲ್ಲುತ್ತೆ, ಅಮೋನಿಯಾ ತೆಗೆಯಲ್ಲ.
• ನೀರು ಎಳೆಯೋ ಬಾಯಿಗೆ ಒಂದು ಸ್ಪಂಜು ತೊಡಿಸಿ. ಗಪ್ಪಿ ಮರಿ ಒಳಗೆ ಹೋಗಲ್ಲ, ಡಬ್ಬವೂ ಬೇಗ ಕಟ್ಟಲ್ಲ.
• ವಾಪಸ್ ಬರೋ ನೀರು ಟ್ಯಾಂಕಿನ ಮೇಲ್ಮೈ ಕಲಕಬೇಕು. ಇಲ್ಲಾಂದ್ರೆ ನೀರಿಗೆ ಆಮ್ಲಜನಕ ಸಾಲಲ್ಲ.
• ವೈರ್ ಸಾಕೆಟ್ಟಿಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೇರಲಿ. ಪೈಪ್ ಸೋರಿದ್ರೂ ನೀರು ವೈರ್ ಹಿಡಿದು ಸಾಕೆಟ್ ಒಳಗೆ ಹೋಗಲ್ಲ. ನೀರಲ್ಲಿ ಕೈ ಇಡೋ ಮುಂಚೆ ಸ್ವಿಚ್ ಆಫ್.

ತೊಳೆಯೋದು ಹೇಗೆ? ಟ್ಯಾಂಕಿಂದ ತೆಗೆದ ಬಕೆಟ್ ನೀರಲ್ಲೇ. ಸಿಟಿ ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತೆ, ಆರು ವಾರ ಬೆಳೆಸಿದ ಬ್ಯಾಕ್ಟೀರಿಯಾವನ್ನ ನಿಮಿಷದಲ್ಲಿ ತೊಳೆದುಬಿಡ್ತೀರಿ. ಎಲ್ಲಾ ಸ್ಪಂಜು ಒಂದೇ ದಿನ ಬದಲಾಯಿಸಲೂ ಬೇಡಿ.

(7/7)
ಹಾಗಾದ್ರೆ ಯಾರಿಗೆ ಬೇಕು? ನಾಲ್ಕಡಿ ಟ್ಯಾಂಕ್ ಇದ್ದು ಗೋಲ್ಡ್‌ಫಿಶ್, ಆಸ್ಕರ್ ಥರ ತಿಂದು ಗಲೀಜು ಮಾಡೋ ಮೀನು ಸಾಕೋರಿಗೆ, ಗಿಡ ಬೆಳೆಸೋ ದೊಡ್ಡ ಟ್ಯಾಂಕಿನವರಿಗೆ ಕ್ಯಾನಿಸ್ಟರ್ ಸರಿ. ಮೂರಡಿಯವರು ಮೀನು ನೋಡಿ ತೀರ್ಮಾನ ಮಾಡಿ.

ಎರಡಡಿ ಟ್ಯಾಂಕಲ್ಲಿ ಗಪ್ಪಿ, ಮೋಲಿ ಸಾಕೋರಿಗೆ ನನ್ನ ಪ್ರಕಾರ ಬೇಡ. ಒಂದು ಒಳ್ಳೇ ಸ್ಪಂಜ್ ಫಿಲ್ಟರ್, 5 ವ್ಯಾಟ್ ಒಳಗಿನ ಏರ್ ಪಂಪ್ ಸಾಕು, ತಿಂಗಳಿಗೆ ನಾಲ್ಕು ಯುನಿಟ್ಟೂ ಆಗಲ್ಲ. ಬೆಟ್ಟಾ ಮೀನಿಗಂತೂ ಜೋರು ಹರಿವು ಹಿಂಸೆ. ಉಳಿದ ದುಡ್ಡಲ್ಲಿ ಅಮೋನಿಯಾ ಟೆಸ್ಟ್ ಕಿಟ್ ತಗೊಳ್ಳಿ. ಫೋಟೊದಲ್ಲಿ ಸ್ಪಂಜ್ ಚೆಂದ ಕಾಣಲ್ಲ, ನಿಜ. ಫೋಟೊಗೋಸ್ಕರ ಮೀನು ಸಾಕೋದಾದ್ರೆ ಫೋಟೊ ಸಾಕು, ಮೀನು ಯಾಕೆ?

ಫಿಲ್ಟರ್ ನೋಡಿ ಮೀನು ತನ್ನಿ, ಮೀನು ತಂದು ಫಿಲ್ಟರ್ ಹುಡುಕಬೇಡಿ. ಅಂಗೈಯಷ್ಟಿದ್ದ ಸಕ್ಕರ್ ಮೀನು ಮೊಳದುದ್ದ ಆದ್ಮೇಲೆ ಸಾಕೋಕಾಗಲ್ಲ ಅಂತ ಭದ್ರಾ ಕಾಲುವೆಗೋ ತುಂಗಭದ್ರೆಗೋ ಬಿಡೋದು ಪುಣ್ಯದ ಕೆಲಸ ಅಲ್ಲ. ಹೊರಗಿಂದ ಬಂದ ಆ ಮೀನು ಹೊಳೆಯಲ್ಲಿ ನೆಲೆ ನಿಂತ್ರೆ ಇಲ್ಲಿನ ಮೀನಿಗೂ, ಬಲೆ ಹಾಕಿ ಬದುಕೋರಿಗೂ ನಷ್ಟ. ಅಂಗಡಿಗೆ ವಾಪಸ್ ಕೊಡಿ, ಇಲ್ಲಾ ದೊಡ್ಡ ಟ್ಯಾಂಕ್ ಇರೋರಿಗೆ ಕೊಡಿ.

ಇನ್ಮೇಲೆ "ಯಾವ ಕ್ಯಾನಿಸ್ಟರ್" ಅಂತ ಕೇಳೋರು ಮೂರು ವಿಷಯ ಸೇರಿಸಿ ಕಳಿಸಿ: ಟ್ಯಾಂಕಿನ ಅಳತೆ, ಹೋದ ತಿಂಗಳ ಕರೆಂಟ್ ಬಿಲ್ಲಿನ ಯುನಿಟ್, ಯಾವ ಮೀನು ಎಷ್ಟಿವೆ. ಲೆಕ್ಕ ಹಾಕಿ ಹೇಳ್ತೀನಿ. ಟ್ಯಾಂಕ್ ತರಬೇಕು ಅಂತಿರೋ ಫ್ರೆಂಡಿಗೆ ಇದನ್ನ ಕಳಿಸಿ, ದುಡ್ಡು ಕೊಡೋ ಮುಂಚೆ.

#ಮೀನಿನಟ್ಯಾಂಕ್ #ಕ್ಯಾನಿಸ್ಟರ್‌ಫಿಲ್ಟರ್ #ಕೊಕ್ಕನೂರು #ಹರಿಹರ #ದಾವಣಗೆರೆ #ಬಿಕಾಂಲೆಕ್ಕ