ಮನೆ ಒಬ್ಬರದು, ಫಲಕ ಒಬ್ಬರದು

ಅಮೆರಿಕ ದೇಶವು ಮಹಾ ಮುಗ್ಗಟ್ಟಿನಲ್ಲಿ ತತ್ತರಿಸುತ್ತಿದ್ದ ಕಾಲ. ಟೆಕ್ಸಾಸ್ ಸಂಸ್ಥಾನದ ಹೋಟೆಲು ಮಾಲೀಕನೊಬ್ಬನು ಪತ್ರಿಕೆಯಿಂದ ಚಿತ್ರವೊಂದನ್ನು ಕತ್ತರಿಸಿ ತೆಗೆದುಕೊಂಡನು. ನ್ಯೂಯಾರ್ಕ್ ನಗರದಲ್ಲಿ 1931ರಲ್ಲಿ ತಲೆಯೆತ್ತಿದ್ದ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನ ಚಿತ್ರವದು. ಎಲ್ಲ ಹೋಟೆಲುಗಳಿಗಿಂತ ಇದೇ ಹಿರಿದೆಂದು ಅದರ ಮೇಲೆ ಬರೆದು ಜೋಪಾನವಾಗಿ ಇರಿಸಿಕೊಂಡನು. ಅವನ ಸ್ವಂತ ಹೋಟೆಲುಗಳೋ, ಒಂದೊಂದಾಗಿ ಸಾಲ ಕೊಟ್ಟವರ ಕೈ ಸೇರುತ್ತಿದ್ದವು. ಆದರೂ 1949ರಲ್ಲಿ ಆ ವಾಲ್ಡಾರ್ಫ್ ಅವನದಾಯಿತು. ಅವನೇ ಕಾನ್ರಾಡ್ ಹಿಲ್ಟನ್. ಇಂದು ಜಗತ್ತಿನಾದ್ಯಂತ 8,000ಕ್ಕೂ ಹೆಚ್ಚು ಹೋಟೆಲುಗಳನ್ನು ತನ್ನ ಬಳಗದಲ್ಲಿ ಸೇರಿಸಿಕೊಂಡಿರುವ ಸಂಸ್ಥೆಯ ಮೂಲಪುರುಷ.

1887ರಲ್ಲಿ ನ್ಯೂ ಮೆಕ್ಸಿಕೋದ ಸ್ಯಾನ್ ಆಂಟೋನಿಯೋ ಎಂಬ ಪುಟ್ಟ ಊರಿನಲ್ಲಿ ಜನಿಸಿದ ಹಿಲ್ಟನ್ನನ ತಂದೆ ಅಂಗಡಿಕಾರ. 1907ರ ಹಣದ ಬಿಕ್ಕಟ್ಟಿನಲ್ಲಿ ವ್ಯಾಪಾರ ಕುಸಿದಾಗ, ಮನೆಯ ಕೋಣೆಗಳನ್ನೇ ಪ್ರಯಾಣಿಕರಿಗೆ ಬಾಡಿಗೆಗೆ ಕೊಟ್ಟು ಸಂಸಾರ ತೂಗಿಸಬೇಕಾಯಿತು. ತಾಯಿ ಅಡುಗೆ ಮಾಡುವಳು. ಮಗ ರೈಲು ನಿಲ್ದಾಣಕ್ಕೆ ಹೋಗಿ ಅತಿಥಿಗಳನ್ನು ಕರೆತರುವನು. ಮುಂದೆ 1919ರಲ್ಲಿ ಆತನು ಬ್ಯಾಂಕೊಂದನ್ನು ಕೊಳ್ಳಲೆಂದು ಟೆಕ್ಸಾಸಿನ ಸಿಸ್ಕೋ ಊರಿಗೆ ಹೋದನು. ಕಡೆಯ ಗಳಿಗೆಯಲ್ಲಿ ಬ್ಯಾಂಕಿನ ಒಡೆಯನು ಬೆಲೆ ಏರಿಸಿದನು. ಬೇಸರಗೊಂಡು ತಂಗಲು ಮಾಬ್ಲಿ ಹೋಟೆಲಿಗೆ ಹೋದರೆ ಅಲ್ಲಿ ಎಣ್ಣೆಬಾವಿಯ ಕೆಲಸಗಾರರ ನೂಕುನುಗ್ಗಲು! ಒಂದೇ ಹಾಸಿಗೆಯನ್ನು ಎಂಟೆಂಟು ಗಂಟೆಗಳ ಲೆಕ್ಕದಲ್ಲಿ ಸರದಿಯ ಮೇಲೆ ಬಾಡಿಗೆಗೆ ಕೊಡುತ್ತಿದ್ದರು. ಹಿಲ್ಟನ್ ಬ್ಯಾಂಕನ್ನು ಮರೆತು, 40 ಕೋಣೆಗಳ ಆ ಹೋಟೆಲನ್ನೇ ಕೊಂಡನು. ಭೋಜನಶಾಲೆಯನ್ನೂ ಮಲಗುವ ಕೋಣೆಗಳಾಗಿ ಮಾರ್ಪಡಿಸಿದನು. ಒಂದು ಅಡಿ ಜಾಗವೂ ಸುಮ್ಮನೆ ಬಿದ್ದಿರಬಾರದೆಂಬುದು ಅವನ ಮೊದಲ ಸೂತ್ರ. ಮೂವತ್ತು ವರ್ಷಗಳ ತರುವಾಯ ವಾಲ್ಡಾರ್ಫಿನ ಹಜಾರದ ಕೆಲವು ಕಂಬಗಳು ಬರಿಯ ಅಲಂಕಾರದವು, ಒಳಗೆ ಪೊಳ್ಳೆಂದು ತಿಳಿದಾಗ, ಅವುಗಳಲ್ಲಿ ಗಾಜಿನ ಪೆಟ್ಟಿಗೆಗಳನ್ನು ಕೂರಿಸಿ ವರ್ತಕರಿಗೆ ಬಾಡಿಗೆಗೆ ಕೊಟ್ಟದ್ದೂ ಇದೇ ಸೂತ್ರದಿಂದ.

ಎರಡನೆಯ ಸೂತ್ರವನ್ನು ಕಷ್ಟವೇ ಕಲಿಸಿತು. 1925ರಲ್ಲಿ ಡಲ್ಲಾಸ್ ನಗರದಲ್ಲಿ ತನ್ನ ಹೆಸರಿನ ಹೋಟೆಲನ್ನು ಕಟ್ಟಿಸುವಾಗ ನಡುವೆಯೇ ಹಣ ಮುಗಿಯಿತು. ಕಟ್ಟಡವನ್ನು ನಿವೇಶನದ ಒಡೆಯನೇ ಪೂರ್ಣಗೊಳಿಸಿ ಹಿಲ್ಟನ್ನನಿಗೆ ಬಾಡಿಗೆಗೆ ಕೊಟ್ಟನು. ಆ ಬಳಿಕ ಬಂದ ಮುಗ್ಗಟ್ಟಿನಲ್ಲಿ ಕೋಣೆಗಳು ಬರಿದಾದರೂ ಕಟ್ಟಡದ ಸಾಲ ಮಾತ್ರ ಕರಗಲಿಲ್ಲ. ಅತಿಥಿಗಳಿಂದ ಬರುವ ಲಾಭವೇ ಬೇರೆ, ಕಲ್ಲು ಗಾರೆಗಳ ಭಾರವೇ ಬೇರೆ ಎಂಬುದು ಮನದಟ್ಟಾಯಿತು.

ಸಂಸ್ಥೆಯು ಕಡಲು ದಾಟಿದ್ದು ಈ ತಿಳಿವಿನ ಬಲದಿಂದ. ಕೆರಿಬಿಯನ್ ಸಮುದ್ರದ ಪೋರ್ಟೊರಿಕೋ ದ್ವೀಪದ ಸರ್ಕಾರವು ಪ್ರವಾಸಿಗರನ್ನು ಸೆಳೆಯಲು ದೊಡ್ಡ ಹೋಟೆಲೊಂದನ್ನು ಬಯಸಿ ಅಮೆರಿಕದ ಹಲವು ಹೋಟೆಲು ಮಾಲೀಕರಿಗೆ ಪತ್ರ ಬರೆಯಿತು. ಬಾಲ್ಯದಲ್ಲೇ ಸ್ಪ್ಯಾನಿಷ್ ಕಲಿತಿದ್ದ ಹಿಲ್ಟನ್ ಅದೇ ಭಾಷೆಯಲ್ಲಿ ಉತ್ತರಿಸಿದನು. ಸರ್ಕಾರವು ಕಟ್ಟಡವನ್ನು ಕಟ್ಟಿಸಿ ಸಜ್ಜುಗೊಳಿಸುವುದು, ಸಂಸ್ಥೆಯು ನಡೆಸುವುದು, ಲಾಭದ ಮೂರರಲ್ಲಿ ಎರಡು ಪಾಲು ಸರ್ಕಾರಕ್ಕೆ: ಇದು ಕರಾರು. 300 ಕೋಣೆಗಳ ಆ ಹೋಟೆಲು ಸ್ಯಾನ್ ವಾನ್ ನಗರದಲ್ಲಿ 1949ರ ಡಿಸೆಂಬರಿನಲ್ಲಿ ತೆರೆಯಿತು. 1955ರಲ್ಲಿ ಇಸ್ತಾಂಬುಲಿನಲ್ಲೂ ಇದೇ ರೀತಿ. ಅಲ್ಲಿ ಕಟ್ಟಡವು ತುರ್ಕಿಯ ಸರ್ಕಾರಿ ನೌಕರರ ಪಿಂಚಣಿ ನಿಧಿಯದು.

ನಮ್ಮ ಹಳ್ಳಿಗಳ ಹಳೆಯ ಗೇಣಿ ಪದ್ಧತಿಯನ್ನು ನೆನೆದರೆ ಇದರ ಒಳಗುಟ್ಟು ತಿಳಿಯುತ್ತದೆ. ಮಳೆ ಬರಲಿ ಬಾರದಿರಲಿ ಒಡೆಯನಿಗೆ ಗೇಣಿ ಸಲ್ಲಬೇಕು. ಬೆಳೆ ಕೆಟ್ಟರೆ ನಷ್ಟ ಉಳುವವನದು. ಇಲ್ಲಿಯಾದರೋ ಮೆಲ್ಲಮೆಲ್ಲನೆ ತಕ್ಕಡಿಯು ತಿರುಗಿತು. ಉಳುವವನು ಮೊದಲು ತನ್ನ ಕೂಲಿ ಎತ್ತಿಕೊಳ್ಳುವನು. ಬರ ಬಿದ್ದರೆ ಅದು ಹೊಲದ ಒಡೆಯನಿಗೆ.

ತಿರುವಿಗೆ ಕಾರಣವಾದ ಘಟನೆಗಳಲ್ಲಿ ಒಂದು ಕ್ಯೂಬಾ ದೇಶದ್ದು. ಹವಾನಾದ ಹಿಲ್ಟನ್ ಹೋಟೆಲು 1958ರ ಮಾರ್ಚಿಯಲ್ಲಿ ತೆರೆಯಿತು. ಅದಕ್ಕೆ ಹಣ ಹೂಡಿದ್ದು ಅಲ್ಲಿನ ಹೋಟೆಲು ಕಾರ್ಮಿಕರ ಪಿಂಚಣಿ ನಿಧಿ. ಬಡಿಸುವವರು, ಅಡುಗೆಯವರು ಮುಪ್ಪಿಗೆಂದು ಕೂಡಿಟ್ಟ ಕಾಸಿನಿಂದ ಮಹಡಿಗಳು ಏರಿದವು. 1959ರ ಜನವರಿಯಲ್ಲಿ ಕ್ರಾಂತಿಯ ನಾಯಕ ಫಿಡೆಲ್ ಕ್ಯಾಸ್ಟ್ರೋ ಆ ಹೋಟೆಲಿನಲ್ಲೇ ಬೀಡುಬಿಟ್ಟನು. 1960ರಲ್ಲಿ ಸರ್ಕಾರವು ಅದನ್ನು ವಶಪಡಿಸಿಕೊಂಡು 'ಹವಾನಾ ಲಿಬ್ರೆ' ಎಂದು ಹೆಸರಿಟ್ಟಿತು. ಹಿಲ್ಟನ್ ಫಲಕ ಕೆಳಗಿಳಿಯಿತು. ತರುವಾಯ ಸಂಸ್ಥೆಯು ಗೇಣಿಯ ಮಾದರಿಯನ್ನು ಹಿಂದೆ ಸರಿಸಿ, ನಷ್ಟದ ಹೊಣೆಯಿಲ್ಲದ ನಿರ್ವಹಣೆಯ ಕರಾರಿನತ್ತ ವಾಲಿತು.

ಈ ಕರಾರಿನ ರೀತಿ ಹೀಗೆ: ಕಟ್ಟಡ, ಸಾಲ, ತೆರಿಗೆ, ನೌಕರರ ಸಂಬಳ ಎಲ್ಲವೂ ಒಡೆಯನ ಲೆಕ್ಕಕ್ಕೆ. ಹೆಸರು, ಕೋಣೆ ಕಾದಿರಿಸುವ ಏರ್ಪಾಡು, ಹಿರಿಯ ವ್ಯವಸ್ಥಾಪಕರು ಸಂಸ್ಥೆಯ ಕಡೆಯಿಂದ. ಅದಕ್ಕೆ ಪ್ರತಿಯಾಗಿ ಒಟ್ಟು ವರಮಾನದಲ್ಲಿ ನೂರಕ್ಕೆ ಇಷ್ಟೆಂದು ಸಂಸ್ಥೆಗೆ ಮೊದಲೇ ಸಲ್ಲುತ್ತದೆ. ಲಾಭ ಬಂದರೆ ಅದರಲ್ಲೂ ಪಾಲು. ಇನ್ನೊಂದು ರೀತಿಯಲ್ಲಿ ಸಂಸ್ಥೆಯು ಹೆಸರನ್ನೂ ನಿಯಮಗಳನ್ನೂ ಮಾತ್ರ ಕೊಡುತ್ತದೆ, ನಡೆಸುವವರೂ ಬೇರೆ. ಇಂದು ಆ 8,000 ಹೋಟೆಲುಗಳಲ್ಲಿ ಬಹುತೇಕವು ಈ ಎರಡು ಬಗೆಯವೇ. ಅತಿಥಿಗೆ ಇದರಿಂದ ಅನುಕೂಲವೂ ಉಂಟು. ಅಪರಿಚಿತ ಊರಿನಲ್ಲಿಯೂ ಪರಿಚಿತ ಹಾಸಿಗೆ, ನಂಬಿಕೆಯ ನೀರು ದೊರೆಯುತ್ತವೆ.

ಹೆಸರಿನ ಬೆಲೆ ಎಷ್ಟೆಂಬುದು ಸಂಸ್ಥೆಗೆ ತಾನೇ ಹೋಳಾದಾಗ ತಿಳಿಯಿತು. 1964ರಲ್ಲಿ ವಿದೇಶದ ಶಾಖೆಯು ಬೇರ್ಪಟ್ಟು, 1967ರಲ್ಲಿ ವಿಮಾನ ಸಂಸ್ಥೆಯೊಂದರ ಪಾಲಾಯಿತು. ಅಮೆರಿಕದ ಹೊರಗೆ ಹಿಲ್ಟನ್ ಎಂಬ ಹೆಸರನ್ನು ಬಳಸುವ ಹಕ್ಕು ಮೂಲ ಸಂಸ್ಥೆಗೇ ಇಲ್ಲವಾಯಿತು! ಆದುದರಿಂದ 1980ರ ದಶಕದಲ್ಲಿ ಹೊರದೇಶಗಳಿಗಾಗಿ ಸಂಸ್ಥಾಪಕನ ಮೊದಲ ಹೆಸರಾದ ಕಾನ್ರಾಡ್ ಎಂಬುದನ್ನೇ ಫಲಕಕ್ಕೇರಿಸಿದರು. ಕಳೆದ ಪಾಲನ್ನು ಮರಳಿ ಕೊಳ್ಳಲು 2006ರಲ್ಲಿ ಸುಮಾರು 330 ಕೋಟಿ ಪೌಂಡು ತೆರಬೇಕಾಯಿತು. 2018ರಲ್ಲಿ ಬೆಂಗಳೂರಿನ ಹಲಸೂರು ಕೆರೆಯ ಬಳಿ ಆರಂಭವಾದ ಹೋಟೆಲಿನ ಮೇಲಿರುವ ಹೆಸರು ಇದೇ ಕಾನ್ರಾಡ್.

ಮೇಜಿನ ಗಾಜಿನಡಿ ಇದ್ದ ಆ ಚಿತ್ರದ ಗತಿಯೇನು? ಹಿಲ್ಟನ್ 1979ರಲ್ಲಿ ತೀರಿಕೊಂಡನು. 2015ರಲ್ಲಿ ಸಂಸ್ಥೆಯು ವಾಲ್ಡಾರ್ಫ್ ಕಟ್ಟಡವನ್ನು 195 ಕೋಟಿ ಡಾಲರಿಗೆ ಚೀನದ ಆನ್‌ಬಾಂಗ್ ವಿಮಾ ಕಂಪೆನಿಗೆ ಮಾರಿತು. ಆದರೆ ಮುಂದಿನ ನೂರು ವರ್ಷ ಅದನ್ನು ನಡೆಸುವ ಕರಾರನ್ನು ತನ್ನಲ್ಲೇ ಉಳಿಸಿಕೊಂಡಿತು. 2017ರಲ್ಲಿ ದುರಸ್ತಿಗೆಂದು ಬಾಗಿಲು ಮುಚ್ಚಿದಾಗ ನೌಕರರಲ್ಲಿ ಬಹುಮಂದಿ ಪರಿಹಾರದ ಹಣ ಪಡೆದು ಮನೆಗೆ ನಡೆದರು. 2018ರಲ್ಲಿ ಕೊಂಡ ಕಂಪೆನಿಯನ್ನೇ ಚೀನ ಸರ್ಕಾರವು ವಶಕ್ಕೆ ತೆಗೆದುಕೊಂಡಿತು. ಕೋಣೆಗಳಲ್ಲಿ ಹೆಚ್ಚಿನವು ಮಾರಾಟದ ಮನೆಗಳಾಗಿ, 2025ರಲ್ಲಿ ಬಾಗಿಲು ಮತ್ತೆ ತೆರೆಯಿತು. ಒಡೆಯರು ಬದಲಾದರು, ದುಡಿಯುವವರು ಬದಲಾದರು; ಫಲಕ ಮಾತ್ರ ಬದಲಾಗಲಿಲ್ಲ.

ಸ್ಯಾನ್ ಆಂಟೋನಿಯೋದ ಮನೆಯಲ್ಲಿ ಅತಿಥಿಗೆ ಊಟ ಬಡಿಸಿದವಳೇ ಮನೆಯೊಡತಿಯೂ ಆಗಿದ್ದಳು. ಇಂದಿನ ಅತಿಥಿಗೆ ಸತ್ಕಾರದಲ್ಲಿ ಕೊರತೆಯಿಲ್ಲ. ಆದರೆ ಕೃತಜ್ಞತೆಯನ್ನು ಯಾರಿಗೆ ಹೇಳಬೇಕೆಂದು ಕೇಳಿದರೆ ಎದುರು ನಿಂತು ಬಡಿಸಿದವನನ್ನೇ ತೋರಿಸಬೇಕು. ಮನೆಯೂ ಅವನದಲ್ಲ, ಫಲಕವೂ ಅವನದಲ್ಲ. ಆತಿಥ್ಯವು ಮಾತ್ರ ಅವನದು.