ಮೇಲಿನ ಅಂಕಿ ಇಷ್ಟು ದಪ್ಪ, ಕೆಳಗಿನದು ಎಲ್ಲಿ?

ಇವರಿಗೆ:
ಕಂಪ್ಯೂಟರ್ ಮಾನಿಟರ್‌ಗಳನ್ನು ತಯಾರಿಸುವ, ಆಮದು ಮಾಡುವ, ಆನ್‌ಲೈನಿನಲ್ಲಿ ಮಾರುವ ಎಲ್ಲ ಕಂಪನಿಗಳ ವ್ಯವಸ್ಥಾಪಕರು

ಪ್ರತಿ: ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ನವದೆಹಲಿ

ವಿಷಯ: ಮಾನಿಟರ್ ಡಬ್ಬದ ಮೇಲೆ ರಿಫ್ರೆಶ್ ರೇಟಿನ ಕೆಳಮಿತಿಯನ್ನು ಅಚ್ಚು ಹಾಕದಿರುವ ಬಗ್ಗೆ

ಮಾನ್ಯರೇ,

ಶಿವಮೊಗ್ಗದ ದುರ್ಗಿಗುಡಿ ಹತ್ತಿರ ನನ್ನದೊಂದು ಚಿಕ್ಕ ಕಂಪ್ಯೂಟರ್ ಅಂಗಡಿ ಇದೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಿಡಿಭಾಗ ತರಿಸಿ, ಜೋಡಿಸಿ ಕೊಡುವುದು ನನ್ನ ಕಸುಬು. ಈಚೆಗೆ ನನ್ನಲ್ಲಿ ಮಾನಿಟರ್ ಕೊಳ್ಳುವವರಿಗಿಂತ, ಆನ್‌ಲೈನಿನಲ್ಲಿ ಕೊಂಡದ್ದನ್ನು ಡಬ್ಬದ ಸಮೇತ ಹೊತ್ತು ತಂದು "ಅಣ್ಣಾ, ಇದ್ಯಾಕೋ ಸರಿ ಇಲ್ಲ, ಸ್ವಲ್ಪ ನೋಡಿ" ಅನ್ನುವವರೇ ಜಾಸ್ತಿ. ಅದರ ಬಗ್ಗೆ ನನಗೆ ಸಿಟ್ಟಿಲ್ಲ. ಇದೆ, ಆದರೆ ಈ ಪತ್ರ ಅದಕ್ಕಲ್ಲ.

ಕಳೆದ ಅಡಿಕೆ ಸೀಸನ್ನಿನಲ್ಲಿ ಒಬ್ಬ ಪಾಲಿಟೆಕ್ನಿಕ್ ಹುಡುಗ ಬಂದ. ರಜೆಯಲ್ಲಿ ಅಡಿಕೆ ಸುಲಿದು ಕೂಡಿಸಿದ ದುಡ್ಡಿನಲ್ಲಿ 75 ಹರ್ಟ್ಜ್‌ನ ಒಂದು ಮಾನಿಟರ್ ತರಿಸಿದ್ದ. ಡಬ್ಬದ ಮೇಲೆ ಫ್ರೀಸಿಂಕ್ ಲೋಗೊ ಇತ್ತು. "ಹರಿದ ಚಿತ್ರ ಇನ್ನಿಲ್ಲ, ಆಟ ಬೆಣ್ಣೆಯಂತೆ" ಎಂಬರ್ಥದ ಮಾತು ಮೂರು ಭಾಷೆಯಲ್ಲಿತ್ತು, ಕನ್ನಡದಲ್ಲಿ ಇರಲಿಲ್ಲ. ಅವನ ಗ್ರಾಫಿಕ್ಸ್ ಕಾರ್ಡ್ ಹಳೆಯದು, ಸೆಕೆಂಡ್ ಹ್ಯಾಂಡ್. ಹೊಸ ಆಟಗಳಲ್ಲಿ ಅದು ಸೆಕೆಂಡಿಗೆ 40ರಿಂದ 55 ಫ್ರೇಮ್ ಕೊಡುತ್ತಿತ್ತು. ಆಟ ಹಚ್ಚಿ ತೋರಿಸಿದ. ಒಂದು ಕ್ಷಣ ನೀರು ಹರಿದಂತೆ ನಯ, ಮರುಕ್ಷಣ ಎದುರಿನ ದೀಪದ ಕಂಬ ನಡುವಲ್ಲಿ ಕತ್ತರಿಸಿ ಮೇಲರ್ಧ ಎಡಕ್ಕೆ, ಕೆಳಗರ್ಧ ಬಲಕ್ಕೆ. "ಲೋಗೊ ಸುಳ್ಳಾ ಅಣ್ಣಾ?" ಅಂತ ಕೇಳಿದ. ಲೋಗೊ ಸುಳ್ಳಾಗಿರಲಿಲ್ಲ. ಅಲ್ಲೇ ಇರುವುದು ನನ್ನ ತಕರಾರು.

ನಿಮಗೆ ಇದೆಲ್ಲ ಚೆನ್ನಾಗಿ ಗೊತ್ತು. ಈ ಪತ್ರ ಓದುವ ಉಳಿದವರಿಗಾಗಿ ಬಿಡಿಸಿ ಹೇಳುತ್ತೇನೆ. ಮಾಮೂಲಿ 60 ಹರ್ಟ್ಜ್ ಮಾನಿಟರ್, ಅಂದರೆ ಸೆಕೆಂಡಿಗೆ 60 ಸಲ ಪರದೆಯನ್ನು ಹೊಸದಾಗಿ ಬರೆಯುವಂಥದ್ದು, ಸರ್ಕಾರಿ ಬಸ್ಸಿದ್ದ ಹಾಗೆ. ಜನ ಬರಲಿ ಬಿಡಲಿ, 16.7 ಮಿಲಿಸೆಕೆಂಡಿಗೊಮ್ಮೆ ಹೊರಡುತ್ತದೆ. ಗ್ರಾಫಿಕ್ಸ್ ಕಾರ್ಡಿಗೆ ಆ ಶಿಸ್ತಿಲ್ಲ. ಖಾಲಿ ಬಯಲಿನ ಚಿತ್ರ ಬೇಗ ಮುಗಿಯುತ್ತದೆ, ಹೊಗೆ ಬೆಂಕಿ ನೀರು ಇದ್ದ ಚಿತ್ರಕ್ಕೆ ಹೊತ್ತು ಹಿಡಿಯುತ್ತದೆ. ಬಸ್ಸು ಹೊರಟ ಮೇಲೆ ಹೊಸ ಚಿತ್ರ ನಡುವೆ ನುಗ್ಗಿದರೆ ಪರದೆಯ ಮೇಲೆ ಹರಿದ ಗೆರೆ. ನುಗ್ಗಬಾರದೆಂದು ವಿ-ಸಿಂಕ್ ಹಾಕಿ ತಡೆದರೆ ತಡವಾಗಿ ಬಂದ ಚಿತ್ರ ಮುಂದಿನ ಬಸ್ಸಿಗೆ ಕಾಯಬೇಕು, ಆಗ ಆಟ ಮುಗ್ಗರಿಸುತ್ತದೆ. ರಿಫ್ರೆಶ್ ರೇಟ್ ಬದಲಾಗಬಲ್ಲ ಮಾನಿಟರ್ ಸಂತೆ ದಿನದ ಟೆಂಪೊ ಇದ್ದಂತೆ. ಚಿತ್ರ ಬಂದು ಹತ್ತಿದ ಮೇಲೆಯೇ ಹೊರಡುತ್ತದೆ.

2013ರಲ್ಲಿ ಎನ್‌ವಿಡಿಯಾ ಕಂಪನಿ ಜಿ-ಸಿಂಕ್ ಹೆಸರಿನಲ್ಲಿ ಇದನ್ನು ತಂದಾಗ ಮಾನಿಟರಿನೊಳಗೆ ಅದಕ್ಕೇ ಬೇರೆ ಸರ್ಕ್ಯೂಟ್ ಬೇಕಿತ್ತು, ಬೆಲೆಯೂ ಹಾಗೇ ಇತ್ತು. ಮರುವರ್ಷ ವೆಸಾ ಸಂಸ್ಥೆ ಡಿಸ್‌ಪ್ಲೇಪೋರ್ಟ್ 1.2ಎ ಮಾನಕಕ್ಕೆ ಅಡಾಪ್ಟಿವ್ ಸಿಂಕ್ ಸೇರಿಸಿತು. ಎನ್‌ವಿಡಿಯಾದ ಪ್ರತಿಸ್ಪರ್ಧಿ ಎಎಂಡಿ ಅದನ್ನೇ ಹಿಡಿದು ಫ್ರೀಸಿಂಕ್ ಮಾಡಿತು, ಸಾಮಾನ್ಯರ ಕೈಗೂ ಸಿಕ್ಕಿತು. 2019ರ ಜನವರಿಯಲ್ಲಿ ಎನ್‌ವಿಡಿಯಾ ತಾನೂ ಇಂಥ ಮಾನಿಟರ್‌ಗಳನ್ನು ಒಪ್ಪಿಕೊಂಡಿತು. ಆಗ ಅದು 400 ಮಾನಿಟರ್ ಪರೀಕ್ಷಿಸಿ, ತನ್ನ ಮಟ್ಟಕ್ಕೆ ಬಂದವು 12 ಮಾತ್ರ ಎಂದು ಹೇಳಿತ್ತು. ಪ್ರತಿಸ್ಪರ್ಧಿಯ ಮಾತು, ಒಂದು ಚಿಟಿಕೆ ಉಪ್ಪು ಕಮ್ಮಿ ಮಾಡಿಯೇ ತಿನ್ನೋಣ. ಆದರೂ ಆ ಅಂಕಿ ಕೇಳಿದ ದಿನ ನನಗೆ ಆಶ್ಚರ್ಯವಾಗಲಿಲ್ಲ.

ಈಗ ಟೆಂಪೊಗೆ ಬರೋಣ. ಟೆಂಪೊದವನೂ ಸಾಯಂಕಾಲದ ತನಕ ಕಾಯುವುದಿಲ್ಲ. ಪರದೆಯೂ ಹಾಗೆಯೇ, ಒಂದು ಚಿತ್ರವನ್ನು ಇಂತಿಷ್ಟು ಹೊತ್ತಿಗಿಂತ ಹೆಚ್ಚು ಹಿಡಿದುಕೊಳ್ಳಲಾರದು. ಆ ಹುಡುಗನ ಮಾನಿಟರಿನ ವ್ಯಾಪ್ತಿ 48ರಿಂದ 75 ಹರ್ಟ್ಜ್. ಅಂದರೆ ಹೆಚ್ಚೆಂದರೆ 20.8 ಮಿಲಿಸೆಕೆಂಡ್ ಕಾಯುತ್ತದೆ. ಅವನ ಕಾರ್ಡ್ 42 ಫ್ರೇಮಿಗೆ ಇಳಿದ ಕ್ಷಣ ಟೆಂಪೊ ಖಾಲಿ ಹೊರಟುಹೋಗುತ್ತದೆ, ಪರದೆ ಮತ್ತೆ ಹಳೆಯ ಮಾನಿಟರೇ ಆಗುತ್ತದೆ.

ಇದಕ್ಕೊಂದು ಉಪಾಯ ಇದೆ. ಫ್ರೇಮ್ ಕಡಿಮೆಯಾದಾಗ ಅದೇ ಚಿತ್ರವನ್ನು ಎರಡು ಸಲ ತೋರಿಸುವುದು. 42 ಫ್ರೇಮ್ ಬಂದರೆ ಪರದೆ 84 ಹರ್ಟ್ಜ್‌ನಲ್ಲಿ ಓಡುತ್ತದೆ, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ 75ರ ಮಾನಿಟರಿಗೆ 84 ಎಲ್ಲಿಂದ ಬರಬೇಕು? ಮೇಲಿನ ಅಂಕಿ ಕೆಳಗಿನದರ ಎರಡು ಪಟ್ಟನ್ನಾದರೂ ದಾಟಿದ್ದರೆ ಮಾತ್ರ ಈ ಉಪಾಯ ನಡೆಯುತ್ತದೆ. 48–144ರಲ್ಲಿ ಸಲೀಸು. 48–75ರಲ್ಲಿ ಇಲ್ಲ. ಹೀಗಾಗಿ 144 ದೊಡ್ಡದೋ 165 ದೊಡ್ಡದೋ ಎಂದು ಪೇಟೆಯಲ್ಲಿ ನಡೆಯುವ ಜಗಳಕ್ಕೆ ನನ್ನ ಲೆಕ್ಕದಲ್ಲಿ ಬೆಲೆ ಇಲ್ಲ. ಕೊಳ್ಳುವವನ ಗತಿ ನಿರ್ಧರಿಸುವುದು ಕೆಳಗಿನ ಅಂಕಿ.

ಹೊಟ್ಟೆ ಉರಿಯುವುದು ಇಲ್ಲಿ. ಲಕ್ಷ ರೂಪಾಯಿಯ ಕಾರ್ಡ್ ಇದ್ದವನ ಆಟ 40ಕ್ಕೆ ಇಳಿಯುವುದೇ ಅಪರೂಪ. ಈ ತಂತ್ರದ ನಿಜವಾದ ಅಗತ್ಯ ಇರುವುದು 40–60ರ ನಡುವೆ ಏದುಸಿರು ಬಿಡುವ ಅಗ್ಗದ ಕಾರ್ಡಿನವನಿಗೆ. ಅವನ ಕೈಗೆಟುಕುವ ಮಾನಿಟರಿನಲ್ಲೇ ವ್ಯಾಪ್ತಿ ಕಿರಿದು, ಅವನ ಡಬ್ಬದ ಮೇಲೇ ಆ ಅಂಕಿ ಇಲ್ಲ. 75 ಎಂಬುದು ನನ್ನ ಹೆಬ್ಬೆಟ್ಟಿನಷ್ಟು ದಪ್ಪಕ್ಕೆ ಇದೆ. 48 ಎಂಬುದನ್ನು ಡಬ್ಬದ ಆರೂ ಮೈ ತಿರುಗಿಸಿ ಹುಡುಕಿದೆ, ಒಳಗಿನ ಕೈಪಿಡಿಯಲ್ಲೂ ಹುಡುಕಿದೆ. ಮಾರುವವರ ಪುಟದಲ್ಲೂ ಸಿಗಲಿಲ್ಲ.

ಹುಡುಗ ನಿಮ್ಮಲ್ಲೊಂದು ಕಂಪನಿಯ ಸಹಾಯವಾಣಿಗೆ ನನ್ನ ಎದುರೇ ಫೋನ್ ಮಾಡಿದ. ಮೊದಲು ಹಿಂದಿ, ಆಮೇಲೆ ಇಂಗ್ಲಿಷ್. ರಿಫ್ರೆಶ್ ರೇಟಿನ ತೊಂದರೆ ಎಂದದ್ದಕ್ಕೆ ಆ ಕಡೆಯವರು "ಡೆಸ್ಕ್‌ಟಾಪಿನಲ್ಲಿ ರೈಟ್ ಕ್ಲಿಕ್ ಮಾಡಿ ರಿಫ್ರೆಶ್ ಒತ್ತಿದ್ರಾ?" ಅಂತ ಕೇಳಿದರು. ನಗಲಿಲ್ಲ. ಪಾಪ, ಅವರಿಗೆ ಕೊಟ್ಟ ಹಾಳೆಯಲ್ಲಿ ಅಷ್ಟೇ ಬರೆದಿತ್ತೇನೋ.

ಇನ್ನೊಂದು, ಕೇಬಲ್ಲಿನ ಕಥೆ. ಡಬ್ಬದೊಳಗೆ ನೀವು ಇಡುವುದು ಬಹಳ ಸಲ ಎಚ್‌ಡಿಎಂಐ ಕೇಬಲ್ ಒಂದನ್ನೇ. ಎಚ್‌ಡಿಎಂಐ ಮೇಲೆ ಫ್ರೀಸಿಂಕ್ ಓಡಿಸುವುದು ಎಎಂಡಿಯದೇ ಸ್ವಂತ ಏರ್ಪಾಡು. ಎನ್‌ವಿಡಿಯಾ ಕಾರ್ಡ್ ಇದ್ದವನು ಇಂಥ ಮಾನಿಟರಿಗೆ ಆ ಕೇಬಲ್ ಚುಚ್ಚಿದರೆ ಜಿ-ಸಿಂಕ್ ಆಯ್ಕೆಯೇ ಕಾಣಿಸುವುದಿಲ್ಲ. ಅವನಿಗೆ ಬೇಕಾದದ್ದು ಡಿಸ್‌ಪ್ಲೇಪೋರ್ಟ್ ಕೇಬಲ್. ಎಚ್‌ಡಿಎಂಐ 2.1 ಎಂದು ಬರೆದಿದ್ದರೆ ಎಲ್ಲ ಸರಿ ಎಂದುಕೊಳ್ಳುವ ಹಾಗೂ ಇಲ್ಲ. 2.0 ಎಂಬ ಹೆಸರೇ ಈಗಿಲ್ಲ, ಅದೆಲ್ಲ 2.1ರ ಭಾಗ, ಹೊಸ ಸೌಲಭ್ಯಗಳು ಐಚ್ಛಿಕ ಎಂದು ಅದರ ಲೈಸೆನ್ಸ್ ಸಂಸ್ಥೆಯೇ 2021ರಲ್ಲಿ ಸ್ಪಷ್ಟಪಡಿಸಿದೆ. ಹಾಗಾಗಿ ಹಳೆಯ ತೂತಿಗೆ ಹೊಸ ಹೆಸರು ಬರೆದರೂ ನಿಯಮದ ಪ್ರಕಾರ ತಪ್ಪಿಲ್ಲ. ಮದುವೆ ಊಟ ಎಂದು ಕರೆದು ಅನ್ನ ಸಾರು ಬಡಿಸಿ, ಪಾಯಸ ಐಚ್ಛಿಕವಾಗಿತ್ತು ಅಂದ ಹಾಗೆ.

"1 ಎಂಎಸ್" ಎಂಬ ದಪ್ಪಕ್ಷರದ್ದೂ ಇದೇ ಹಾಡು. ಹಿಂಬದಿಯ ಬೆಳಕನ್ನು ಪಟಪಟ ಆರಿಸಿ ಹತ್ತಿಸಿ ಆ 1 ಮಿಲಿಸೆಕೆಂಡ್ ಗಳಿಸಿದ್ದರೆ, ಬಹುತೇಕ ಮಾನಿಟರ್‌ಗಳಲ್ಲಿ ಆ ವ್ಯವಸ್ಥೆ ಹಾಕಿದ ಕೂಡಲೇ ಫ್ರೀಸಿಂಕ್ ಆಫ್ ಆಗುತ್ತದೆ. ಒಂದೇ ಡಬ್ಬದ ಮೇಲೆ ಅಕ್ಕಪಕ್ಕ ನಿಂತ ಎರಡು ಹೊಗಳಿಕೆಗಳು ಒಟ್ಟಿಗೆ ಬಾಳುವುದಿಲ್ಲ ಎಂದು ಕೊಳ್ಳುವವನಿಗೆ ಹೇಳುವವರು ಯಾರು?

ನನ್ನ ಸ್ವಂತದ್ದನ್ನೂ ಹೇಳಿಬಿಡುತ್ತೇನೆ. ಅಂಗಡಿಯವನಾದರೂ ನಾನೂ ಮೋಸ ಹೋಗಿದ್ದೇನೆ. ಎರಡು ವರ್ಷದ ಹಿಂದೆ ಮನೆಗೆಂದು ವಿಎ ಪ್ಯಾನೆಲ್‌ನ ಬಾಗಿದ ಮಾನಿಟರ್ ತಂದೆ. ಕಪ್ಪು ನಿಜಕ್ಕೂ ಕಪ್ಪು, ನೋಡಲು ಚೆಂದ. ಆದರೆ ಆಟ ಲೋಡ್ ಆಗುವಾಗ, ಕತ್ತಲ ಗುಹೆಯೊಳಗೆ ನಡೆವಾಗ, ಪರದೆ ಮಿಣಮಿಣ. ಮಳೆಗಾಲದಲ್ಲಿ ಆಗುಂಬೆ ಕಡೆ ವೋಲ್ಟೇಜ್ ಏರಿಳಿದು ಬಲ್ಬು ನಡುಗುತ್ತದಲ್ಲ, ಹಾಗೆ. ಪ್ಯಾನೆಲ್‌ನ ಹೊಳಪನ್ನು ಒಂದು ನಿಗದಿತ ವೇಗಕ್ಕೆ ಹೊಂದಿಸಿರುತ್ತಾರೆ. ವೇಗ ಗಳಿಗೆಗೊಮ್ಮೆ 50ಕ್ಕೆ ಬಿದ್ದು 140ಕ್ಕೆ ಹಾರಿದರೆ ಹೊಳಪೂ ಅದರ ಜೊತೆ ಕುಣಿಯುತ್ತದೆ, ಕಡು ಬೂದುಬಣ್ಣದಲ್ಲಿ ಹೆಚ್ಚು ಕಾಣುತ್ತದೆ. ವಿಎ ಮತ್ತು ಒಎಲ್‌ಇಡಿ ಪರದೆಗಳಲ್ಲಿ ಇದು ಜಾಸ್ತಿ, ಐಪಿಎಸ್‌ನಲ್ಲಿ ಕಡಿಮೆ. ದೂರು ಕೊಟ್ಟೆ. ಮೂರನೇ ದಿನ ಉತ್ತರ ಬಂತು: ಇದು ದೋಷವಲ್ಲ, ಪ್ಯಾನೆಲ್‌ನ ಗುಣ. ಗುಣವಾದರೆ ಸಂತೋಷ, ಉಳಿದ ಗುಣಗಳ ಜೊತೆ ಅದನ್ನೂ ಡಬ್ಬದ ಮೇಲೆ ಹೊಗಳಬಹುದಿತ್ತಲ್ಲ?

ಕೆಳಮಿತಿ ಅಚ್ಚು ಹಾಕುವುದು ಕಷ್ಟ, ಗ್ರಾಹಕನಿಗೆ ಗೊಂದಲವಾಗುತ್ತದೆ ಎಂದು ನಿಮ್ಮಲ್ಲೊಬ್ಬರ ಪ್ರತಿನಿಧಿ ನನ್ನ ಅಂಗಡಿಯಲ್ಲಿ ಚಹಾ ಕುಡಿಯುತ್ತಾ ಹೇಳಿದರು. ಆ ಅಂಕಿಯನ್ನು ಯಾರೂ ಹೊಸದಾಗಿ ಅಳೆಯಬೇಕಿಲ್ಲ ಸ್ವಾಮಿ. ಪ್ರತಿ ಮಾನಿಟರಿನೊಳಗೆ ಇಡಿಐಡಿ ಎಂಬ ಪುಟ್ಟ ದಾಖಲೆ ಇರುತ್ತದೆ. ಕೇಬಲ್ ಚುಚ್ಚಿದೊಡನೆ ಮಾನಿಟರ್ ಅದರ ಮೂಲಕ ತನ್ನ ಹೆಸರು, ಅಳತೆ, ಕನಿಷ್ಠ ಗರಿಷ್ಠ ಹರ್ಟ್ಜ್ ಎಲ್ಲವನ್ನೂ ಕಂಪ್ಯೂಟರಿಗೆ ಒಪ್ಪಿಸುತ್ತದೆ. 48 ಎಂದು ನಾನು ಓದಿದ್ದೂ ಅಲ್ಲೇ, ಒಂದು ಉಚಿತ ತಂತ್ರಾಂಶ ಹಾಕಿ. ಕಾರ್ಖಾನೆಯಲ್ಲಿ ನೀವೇ ಬರೆದು ಕಳಿಸಿದ ಅಂಕಿ. ಕಂಪ್ಯೂಟರಿಗೆ ಹೇಳಲು ಇಲ್ಲದ ಗೊಂದಲ ದುಡ್ಡು ಕೊಟ್ಟವನಿಗೆ ಹೇಳುವಾಗ ಯಾಕೆ ಬರುತ್ತದೆ?

ಪ್ರಾಧಿಕಾರದವರಲ್ಲಿ ಒಂದು ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(28)ನೇ ಕಲಮಿನ ಪ್ರಕಾರ, ಮುಖ್ಯ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದೂ ದಾರಿತಪ್ಪಿಸುವ ಜಾಹೀರಾತೇ. ಕೊಳ್ಳುವ ವಸ್ತುವಿನ ಗುಣಮಟ್ಟ ತಿಳಿಯುವುದು ಹಕ್ಕು ಎಂದೂ ಅದೇ ಕಾಯ್ದೆ ಹೇಳುತ್ತದೆ. ಡಬ್ಬದ ಮೇಲೆ ಗರಿಷ್ಠ ಮಾರಾಟ ಬೆಲೆ ಇರಬೇಕು, ಆಮದಾದದ್ದಾದರೆ ಯಾವ ದೇಶದ್ದು ಎಂದಿರಬೇಕು. ಸೀಲಿಂಗ್ ಫ್ಯಾನಿಗೂ 2023ರಿಂದ ಸ್ಟಾರ್ ಲೇಬಲ್ ಕಡ್ಡಾಯವಾಗಿದೆ. ದಂಡ ಹಾಕಿ ಎಂದು ನಾನು ಕೇಳುತ್ತಿಲ್ಲ. ಫ್ರೀಸಿಂಕ್, ಜಿ-ಸಿಂಕ್, ಅಡಾಪ್ಟಿವ್ ಸಿಂಕ್, ಯಾವ ಹೆಸರೇ ಇರಲಿ, ಲೋಗೊ ಹಾಕುವವರು ಅದರ ಪಕ್ಕದಲ್ಲಿ ಒಂದು ಸಾಲು ಬರೆಯಲಿ: ಡಿಸ್‌ಪ್ಲೇಪೋರ್ಟಿನಲ್ಲಿ ಇಷ್ಟರಿಂದ ಇಷ್ಟು, ಎಚ್‌ಡಿಎಂಐನಲ್ಲಿ ಇಷ್ಟರಿಂದ ಇಷ್ಟು. ಆನ್‌ಲೈನ್ ಪುಟದಲ್ಲೂ ಅದೇ ಸಾಲು, ಬೆಲೆಯ ಹತ್ತಿರ.

ಅಲ್ಲಿಯವರೆಗೆ ನಾನು ಮಾಡುತ್ತಿರುವುದು ಇಷ್ಟು. ನನ್ನ ಅಂಗಡಿಗೆ ಬಂದ ಪ್ರತಿ ಮಾನಿಟರಿನ ಬೆನ್ನಿಗೆ ಸ್ಕೆಚ್ ಪೆನ್ನಿನಲ್ಲಿ ಬರೆದ ಒಂದು ಚೀಟಿ ಅಂಟಿಸುತ್ತೇನೆ. ಅದರಲ್ಲಿ ಇರುವುದು: ವ್ಯಾಪ್ತಿ ಎಷ್ಟು, ಯಾವ ತೂತಿಗೆ ಯಾವ ಕೇಬಲ್. ಮಾನಿಟರಿನ ಮೆನುವಿನಲ್ಲಿ ಮೊದಲು ಫ್ರೀಸಿಂಕ್ ಆನ್ ಮಾಡು, ಕಾರ್ಖಾನೆಯಿಂದ ಬರುವಾಗ ಎಷ್ಟೋ ಸಲ ಅದು ಆಫ್ ಇರುತ್ತದೆ. ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗ್ಸಿಗೆ ಹೋಗಿ 60 ಇದ್ದದ್ದನ್ನು ಮೇಲಿನ ಅಂಕಿಗೆ ಏರಿಸು. (ನಮ್ಮೂರಿನ ಬ್ಯಾಂಕ್ ಉದ್ಯೋಗಿಯೊಬ್ಬರು 144ರ ಮಾನಿಟರನ್ನು ಒಂದೂವರೆ ವರ್ಷ 60ರಲ್ಲೇ ಓಡಿಸಿ, ಕಣ್ಣಿಗೆ ಬಹಳ ಹಿತವಾಗಿದೆ ಎಂದು ನನಗೇ ಹೇಳಿದ್ದರು.) ಎನ್‌ವಿಡಿಯಾ ಆದರೆ ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಜಿ-ಸಿಂಕ್ ಆನ್, ಅಲ್ಲೇ ವಿ-ಸಿಂಕ್ ಆನ್, ಆಟದೊಳಗೆ ವಿ-ಸಿಂಕ್ ಆಫ್. ಫ್ರೇಮ್ ಮಿತಿಯನ್ನು ಮೇಲಿನ ಅಂಕಿಗಿಂತ ಮೂರು ಕಡಿಮೆ ಇಡು: 144ಕ್ಕೆ 141. ಆಗ ಆಟ ವ್ಯಾಪ್ತಿಯ ಛಾವಣಿಗೆ ತಲೆ ತಾಗಿಸುವುದಿಲ್ಲ. ಪಿಕ್ಸೆಲ್ ಬೇಗ ಬದಲಾಗಿಸುವ ಓವರ್‌ಡ್ರೈವ್ ಅನ್ನು ಮಧ್ಯಮಕ್ಕಿಡು, ತುದಿಗೆ ಏರಿಸಿದರೆ ಫ್ರೇಮ್ ಇಳಿದಾಗ ಓಡುವ ವಸ್ತುವಿನ ಹಿಂದೆ ಬಿಳಿ ನೆರಳು ಬರುತ್ತದೆ.

ಆ ಹುಡುಗನಿಗೆ ಹೊಸ ಮಾನಿಟರ್ ಕೊಳ್ಳು ಅನ್ನಲು ಮನಸ್ಸಾಗಲಿಲ್ಲ. ವಾಪಸ್ ಕೊಡುವ ಏಳು ದಿನ ಮುಗಿದಿತ್ತು. ಕೂತು ಆಟದ ನೆರಳು, ಹೊಗೆ, ನೀರಿನ ಪ್ರತಿಬಿಂಬ ಒಂದೊಂದನ್ನೇ ಇಳಿಸಿದೆವು. 50ರ ಕೆಳಗೆ ಬೀಳದಂತೆ ನಿಲ್ಲುವ ಹೊತ್ತಿಗೆ ರಾತ್ರಿ ಒಂಬತ್ತೂವರೆ. ದೀಪದ ಕಂಬ ನೆಟ್ಟಗೆ ನಿಂತಿತು. "ನೆರಳಿಲ್ಲದೆ ಆಟ ಸ್ವಲ್ಪ ಬೋಳು ಅನ್ಸುತ್ತೆ ಅಣ್ಣಾ" ಅಂದ. ದುಡ್ಡು ತಗೊಳ್ಳಲಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಶಿವಮೊಗ್ಗದ ಒಬ್ಬ ಕಂಪ್ಯೂಟರ್ ಅಂಗಡಿಯವ

ಲಗತ್ತು: ಚೀಟಿಯ ನಮೂನೆ, ಒಂದು. ಕನ್ನಡದಲ್ಲಿದೆ. ಅಗಲ ಮೂರು ಇಂಚು, ನಿಮ್ಮ ಅತಿ ಚಿಕ್ಕ ಡಬ್ಬದ ಮೇಲೂ ಹಿಡಿಯುತ್ತದೆ.